ಅಮ್ಮ ನೋಡಲೇಬೇಕಿದ್ದ ಹಡಗು

ಅಂಡಮಾನಿಗೆ ಹೊರಡುವ ಮೊದಲೇ ಅಮ್ಮ ಬಂಗಾರಪೇಟೆಯ ನಮ್ಮ ಬೀದಿಗೆಲ್ಲ ಡಂಗುರ ಸಾರಿದ್ದಳು. ಮಾರಿಕುಪ್ಪಂ ರೈಲಿನಲ್ಲಿ ಸಿಕ್ಕವರನ್ನೂ ಬಿಟ್ಟಿರಲಿಲ್ಲ. ಸಮುದ್ರದಲ್ಲಿ ಮುಳುಗಿದ ಹಡಗನ್ನು ಕಣ್ಣಾರೆ ನೋಡಿ ಬರುತ್ತಾಳಂತೆ! ತಲೆಗೆ ನೀರು ಹಾಕಿಕೊಳ್ಳುವಾಗಲೂ ಮೂಗು ಹಿಡಿದುಕೊಳ್ಳುವ ಹೆಂಗಸು. ನೋಡದೆ ವಾಪಸಾದರೆ ಬೀದಿಯಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

ಅಪ್ಪನಿಗೆ ನೀರಿನ ಭಯವಿಲ್ಲ. ಬೇತಮಂಗಲದ ಪಕ್ಕದ ಹಳ್ಳಿಯಲ್ಲಿ, ತೋಟದ ಬಾವಿಯಲ್ಲಿ ಈಜು ಕಲಿತವನು. ಅಲ್ಲಿ ಹುಡುಗರ ಪಂದ್ಯವೆಂದರೆ ಮುಳುಗಿ ತಳ ಮುಟ್ಟಬೇಕು, ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಒಂದು ಹಿಡಿ ಕೆಸರು ತಂದು ತೋರಿಸಬೇಕು.

ಮಾಸ್ಕ್ ಹಾಕಿಕೊಂಡು, ಉಸಿರಾಡುವ ಕೊಳವೆ ಕಚ್ಚಿಕೊಂಡು, ಲೈಫ್ ಜಾಕೆಟ್ ತೊಟ್ಟು ದೋಣಿಯಿಂದ ನೀರಿಗಿಳಿದೆವು. ಎರಡಾಳು ಆಳದಲ್ಲಿ ಹಡಗು ಮಲಗಿತ್ತು. ಮುಖ ಅದ್ದಿದೊಡನೆ ನನಗೆ ಅದರ ಕಬ್ಬಿಣದ ಪಕ್ಕೆಗಳೂ ನಡುವೆ ನುಸುಳುವ ಹಳದಿ ಮೀನುಗಳೂ ಕಂಡವು. ಅಮ್ಮ ಮಾತ್ರ ದೋಣಿಯಿಂದ ಇಳಿಬಿಟ್ಟ ಹಗ್ಗ ಹಿಡಿದು, ಕೊಳವೆ ಉಗಿದು, "ತಾಳ್ರೀ, ತಾಳ್ರೀ" ಎನ್ನುತ್ತಿದ್ದಳು.

ಅಷ್ಟರಲ್ಲಿ ಅಪ್ಪ ಜಾಕೆಟ್ ಕಳಚಿ ಮುಳುಗಿಯೇಬಿಟ್ಟ. ನಮ್ಮ ಜೊತೆ ನೀರಿಗಿಳಿದಿದ್ದ ಗೈಡ್ ಕೂಗುವುದರೊಳಗೆ ಮೇಲೆ ಬಂದು ಮುಷ್ಟಿ ಎತ್ತಿ ತೋರಿಸಿದ. ಬೆರಳ ಸಂದಿಯಿಂದ ಮರಳು ಸೋರುತ್ತಿತ್ತು. ಕೆಳಗೆ ನೋಡಿದರೆ ಹಡಗೇ ಇಲ್ಲ, ಬರೀ ಕದಡಿದ ನೀರು.

ತಮಿಳುನಾಡಿನ ಮಧುರೆ ಕಡೆಯವನಾದ ಗೈಡಿಗೆ ರೇಗಿತು. ಜಾಕೆಟ್ ತಂದು ಅಪ್ಪನಿಗೆ ಬಿಗಿದು, ಅಲೆ ಏಳುತ್ತಿದೆ, ಇನ್ನು ಹೊರಡೋಣ ಎಂದ. ಅಮ್ಮನ ಮುಖ ನೋಡಿ ನನಗೆ ಅಳುವೇ ಬಂತು.

"ಓಗ್ಲಿ, ನೀವಾದ್ರೂ ನೋಡಿದ್ರಾ? ಎಂಗೈತೆ?" ಎಂದಳು ಅಮ್ಮ.

ಅಪ್ಪ ತಲೆ ಕೆರೆದುಕೊಂಡ. "ಎಲ್ಲಿ ನೋಡ್ಲಿ? ಮುಳುಗುವಾಗ ಕಣ್ ಮುಚ್ಕೊಂತೀನಲ್ಲ!"

ಬಾವಿಯ ಕೆಸರಿನಲ್ಲಿ ಕಣ್ಣು ಬಿಟ್ಟು ನೋಡುವುದಾದರೂ ಏನಿತ್ತು? ಗಾಜಿನ ಮಾಸ್ಕ್ ಹಾಕಿಕೊಂಡೂ ಮಹಾರಾಯ ಕಣ್ಣು ಮುಚ್ಚಿದ್ದ. ಗೈಡ್ ಕೂಡ ನಕ್ಕುಬಿಟ್ಟ. ಅಮ್ಮ ನಗಲಿಲ್ಲ.

"ನೀರು ತಿಳಿಯಾಗೋ ಗಂಟ ನಾನು ಮ್ಯಾಕೆ ಬರಲ್ಲ."

ಅದನ್ನೇ ಗೈಡಿಗೆ ತಮಿಳಿನಲ್ಲಿ ಹೇಳಿ, ಕೈಕಾಲು ಆಡಿಸಬೇಡಿರೆಂದು ನಮ್ಮಿಬ್ಬರನ್ನೂ ಗದರಿದಳು. ಹಗ್ಗ ಹಿಡಿದು ಸುಮ್ಮನೆ ತೇಲಿದೆವು. ಕದಡಿದ್ದು ಮೆಲ್ಲಗೆ ತಿಳಿಯಾಯಿತು. ಅಮ್ಮ ಕೊಳವೆ ಕಚ್ಚಿ, ಮುಖ ಅದ್ದಿದಳು. ಅದ್ದಿದವಳು ಎತ್ತಲೇ ಇಲ್ಲ. ಗಾಬರಿಯಾಗಿ ಬೆನ್ನು ಮುಟ್ಟಿದರೆ ಕೈ ಬೀಸಿ ನನ್ನನ್ನು ದೂರ ತಳ್ಳಿದಳು. ಹಗ್ಗ ಬಿಟ್ಟಿದ್ದಳು!

ಆಮೇಲೆ ತಲೆಯೆತ್ತಿ ಅಪ್ಪನ ತೋಳು ಹಿಡಿದಳು. "ಬಗ್ಗಿ ನೋಡಿ. ಕಣ್ ಬುಡಿ, ನಾನು ಇಡ್ಕೊಂಡಿದ್ದೀನಿ."

ಇಬ್ಬರೂ ಒಟ್ಟಿಗೆ ಮುಖ ಅದ್ದಿದರು. ನಾನೂ ಅದ್ದಿದೆ. ಗಾಜಿನ ಹಿಂದೆ ಅಪ್ಪನ ಕಣ್ಣುಗಳು ಇಷ್ಟಗಲ ಅರಳಿದ್ದವು. ಹಡಗಿನ ಕಡೆ ಒಂದು ಕೈ ಚಾಚಿ ತೋರಿಸುತ್ತ, ಅಮ್ಮ ಇನ್ನೊಂದು ಕೈಯಲ್ಲಿ ಅವನನ್ನು ಬಿಗಿಯಾಗಿ ಹಿಡಿದಿದ್ದಳು.