ಪರಮಪ್ರಸಾದವೂ ನನ್ನ ಕಾಲುಗಳೂ

ನಾನು ಕುಡಿಯುತ್ತೇನೆಂದು ಬನ್ನಿಮಂಟಪದ ನಮ್ಮ ಬೀದಿಯಲ್ಲಿ ಸುದ್ದಿ ಹಬ್ಬಿದ್ದು ಎಲ್ಲರಿಗಿಂತ ಕೊನೆಗೆ ತಿಳಿದದ್ದು ನನಗೆ. ಬೀದಿಯವರದೇನೂ ತಪ್ಪಿಲ್ಲ, ನಾನು ನಡೆಯುತ್ತಿದ್ದುದೇ ಹಾಗೆ. ಹಾಲು ತರಲು ಹೊರಟರೆ ರಸ್ತೆಯ ಎರಡೂ ಬದಿಯ ಕಾಂಪೌಂಡುಗಳನ್ನು ಮಾತಾಡಿಸಿಕೊಂಡೇ ಬರುತ್ತಿದ್ದೆ. ಕಾಫಿ ಬಾಯಿಗೆ ಮುಟ್ಟುವ ಮೊದಲೇ ಸೀರೆ ಅರ್ಧ ಲೋಟ ಕುಡಿದಿರುತ್ತಿತ್ತು. ಕ್ರಿಸ್‌ಮಸ್ಸಿಗೆಂದು ಮನೆಯಲ್ಲಿ ದ್ರಾಕ್ಷಿ ವೈನ್ ಹಾಕಿಡುವ ಕ್ಯಾಥೊಲಿಕ್ ಹೆಂಗಸು ಹೀಗೆ ತೂರಾಡಿದರೆ ಜನ ಬೇರೇನು ತಿಳಿದುಕೊಳ್ಳಬೇಕು?

“ವೈನ್ ಜಾಡಿ ಬಾಯಿ ನಾನೇ ಕಟ್ಟಿರೋದು ಕಣ್ರೀ, ಇನ್ನೂ ಬಿಚ್ಚಿಲ್ಲ,” ಎಂದು ನನ್ನ ಯಜಮಾನರು ಎದುರುಮನೆಯವರಿಗೆ ಸಾಕ್ಷಿ ಹೇಳಿ ಬಂದರು. ಬಂದವರು ನೇರ ಅಡುಗೆಮನೆಗೆ ಹೋಗಿ ಜಾಡಿಯ ಗಂಟನ್ನು ಒಮ್ಮೆ ಮುಟ್ಟಿ ನೋಡಿದರು. ನಾನು ನೋಡದವಳ ಹಾಗೆ ಇದ್ದೆ.

ನರರೋಗದ ಡಾಕ್ಟರು ನನ್ನನ್ನು ಗೆರೆಯ ಮೇಲೆ ನಡೆಸಿದರು. ಮೂಗು ಮುಟ್ಟಿಕೊಳ್ಳಿ ಎಂದರು, ನಾನು ಕೆನ್ನೆ ಮುಟ್ಟಿಕೊಂಡೆ. ರಕ್ತ ತೆಗೆಸಿದರು. ಕೊನೆಗೆ ಸಿಕ್ಕಿಬಿದ್ದ ಕಳ್ಳ ಗೋಧಿ. ಅದರಲ್ಲಿರುವ ಗ್ಲುಟನ್ ಎಂಬ ಅಂಟನ್ನು ಕಂಡರೆ ನನ್ನ ಮೈಯ ಕಾವಲುಗಾರರಿಗೆ ಆಗುವುದಿಲ್ಲವಂತೆ. ಆ ಸಿಟ್ಟಿನಲ್ಲಿ ಹೋಗಿ ಹಿಮ್ಮೆದುಳಿಗೆ, ಅಂದರೆ ನಡಿಗೆಯ ಹದ ಕಾಯುವ ಜಾಗಕ್ಕೆ, ಬಾರಿಸುತ್ತಾರಂತೆ.

“ನಂಗೆ ಹೊಟ್ಟೆನೋವೇ ಇಲ್ವಲ್ಲ ಡಾಕ್ಟ್ರೇ?”

“ಕೆಲವರಿಗೆ ಹೊಟ್ಟೆ ತೆಪ್ಪಗಿರುತ್ತೆ ಕಣಮ್ಮ, ತಲೆ ಜಗಳ ತೆಗೆಯುತ್ತೆ. ಗೋಧಿ ಪೂರ್ತಿ ಬಿಡಿ. ಇಲ್ದಿದ್ರೆ ಈಗ ಗೋಡೆ ಹಿಡ್ಕೊಂಡು ಓಡಾಡ್ತಿದ್ದೀರಿ, ಆಮೇಲೆ ಗಾಲಿಕುರ್ಚೀನೇ.”

ಬಿಟ್ಟೆ. ಚಪಾತಿ ಹೋಯಿತು, ಉಪ್ಪಿಟ್ಟು ಹೋಯಿತು. ಅಂಗಡಿಯ ಇಂಗಿನ ಪುಡಿಗೂ ಗೋಧಿಹಿಟ್ಟು ಬೆರೆಸಿರುತ್ತಾರೆಂದು ಗೊತ್ತಾಗಿ ಆ ಡಬ್ಬಿಯನ್ನೂ ಕೆಲಸದವಳಿಗೆ ಕೊಟ್ಟುಬಿಟ್ಟೆ. ಮುದ್ದೆ, ಅನ್ನ, ಅಕ್ಕಿರೊಟ್ಟಿ, ಮತ್ತೆ ಮುದ್ದೆ. ಇಂಗಿಲ್ಲದ ಸಾರಿಗೆ ಯಜಮಾನರು, ಈಸ್ಟರಿಗೆ ಮುಂಚಿನ ನಮ್ಮ ಉಪವಾಸದ ದಿನಗಳನ್ನು ನೆನೆದು, ‘ತಪಸ್ಸುಕಾಲದ ಸಾರು’ ಎಂದು ಹೆಸರಿಟ್ಟು, ಮುಖ ಹಿಂಡಿಕೊಂಡೇ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಮತ್ತೆ ರಕ್ತ ಕೊಟ್ಟೆ. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. “ಕದ್ದು ಏನೋ ತಿಂತಿದ್ದೀರ.”

ನನಗೆ ಮೈಯೆಲ್ಲ ಉರಿಯಿತು. ಬೇಕರಿಯ ಮುಂದೆ ಉಸಿರು ಬಿಗಿಹಿಡಿದು ಹಾದುಹೋಗುವವಳಿಗೆ ಈ ಮಾತೇ? ಕಾಲು ಮಾತ್ರ ಡಾಕ್ಟರ ಪರವಾಗಿಯೇ ಇತ್ತು. ಹೊರಗೆ ಬರುವಾಗ ಬಾಗಿಲಿಗೆ ಡಿಕ್ಕಿ ಹೊಡೆದೆ.

ಆ ವಾರವೇ ಕನ್ಯಾಸ್ತ್ರೀಯರ ಕಾನ್ವೆಂಟಿಗೆ ನುಗ್ಗೆಸೊಪ್ಪು ಕೊಡಲು ಹೋದೆ. ಹಿಂದಿನ ಕೋಣೆಯಲ್ಲಿ ಸಿಸ್ಟರ್ ಒಬ್ಬರು ತೆಳ್ಳಗಿನ ಹಿಟ್ಟನ್ನು ಕಬ್ಬಿಣದ ಅಚ್ಚಿಗೆ ಹುಯ್ದು ಮುಚ್ಚುತ್ತಿದ್ದರು. ಚರ್ಚಿನ ಪೂಜೆಯಲ್ಲಿ ಪರಮಪ್ರಸಾದವೆಂದು ಹಂಚುವ ಬಿಳಿ ಬಿಲ್ಲೆಗಳು.

“ಯಾವ ಹಿಟ್ಟು ಸಿಸ್ಟರ್?”

“ಗೋಧಿ ಕಣಮ್ಮ. ಗೋಧಿ, ನೀರು, ಅಷ್ಟೇ. ಬೇರೇನೂ ಸೇರಿಸೋ ಹಾಗಿಲ್ಲ.”

ನಾನು ನುಗ್ಗೆಸೊಪ್ಪನ್ನು ಅಲ್ಲೇ ಸ್ಟೂಲಿನ ಮೇಲಿಟ್ಟೆ. ದಿನವೂ ಬೆಳಗಿನ ಪೂಜೆಗೆ ಹೋಗಿ ಒಂದು ಬಿಲ್ಲೆ ಬಾಯಿಗೆ ಹಾಕಿಸಿಕೊಂಡು ಬರುವವಳು ನಾನು. ಅದನ್ನು ಊಟದ ಲೆಕ್ಕಕ್ಕೆ ಯಾರಾದರೂ ಸೇರಿಸುತ್ತಾರೆಯೆ? ಏನೇನು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದಾಗ ‘ಉಪ್ಪಿಟ್ಟು, ಚಪಾತಿ, ದೇವರು’ ಎನ್ನಲಾದೀತೆ? ಪೂಜೆಯಲ್ಲಿ ಫಾದರ್ ಎತ್ತಿ ಹಿಡಿದ ಮೇಲೆ ಅದು ರೊಟ್ಟಿಯೇ ಅಲ್ಲ, ಸಾಕ್ಷಾತ್ ದೇವರ ದೇಹವೆಂದು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ. ನನ್ನ ರಕ್ತ ಆ ತರಗತಿಗೆ ಬಂದಿರಲಿಲ್ಲ.

ಫಾದರ್ ಬಳಿ ಹೋದೆ. “ಅಕ್ಕಿಹಿಟ್ಟಲ್ಲಿ ಮಾಡ್ಬಾರ್ದೇ ಫಾದರ್?”

“ಆಗಲ್ಲಮ್ಮ, ಗೋಧಿನೇ ಆಗ್ಬೇಕು ಅಂತ ನಿಯಮ.”

“ಅಂದ್ರೆ ಕಾಲು ಬೇಕಾದ್ರೆ ದೇವರನ್ನ ಬಿಡ್ಬೇಕು?”

ಅವರು ಗಡ್ಡ ಕೆರೆದುಕೊಂಡರು. “ಎರಡನ್ನೂ ಇಟ್ಕೊಳ್ಳಿ. ರೊಟ್ಟಿ ಬಿಟ್ಟು ದ್ರಾಕ್ಷಾರಸ ಮಾತ್ರ ತಗೊಂಡ್ರೂ ಅದು ಪೂರ್ತಿ ಪ್ರಸಾದನೇ. ನನ್ನ ರಸದ ಪಾತ್ರೆಗೆ ರೊಟ್ಟಿ ಚೂರು ಹಾಕ್ತೀನಲ್ಲ, ಅದಕ್ಕೇ ನಿಮಗೆ ಬೇರೆ ಬಟ್ಟಲು ಇಡ್ತೀನಿ.”

ಮನೆಗೆ ಬಂದು, ಇನ್ನು ದಿನಾ ಬೆಳಗ್ಗೆ ನನಗೆ ಚರ್ಚಿನ ವೈನ್ ಎಂದು ಹೇಳಿದರೆ ಯಜಮಾನರು ಬಿದ್ದುಬಿದ್ದು ನಕ್ಕರು. “ಎದುರುಮನೆಯೋರಿಗೆ ಇನ್ನೇನೇ ಹೇಳ್ಲಿ? ಬೆಳ್‌ಬೆಳಗ್ಗೆ, ಅದೂ ಚರ್ಚಲ್ಲೇ ಶುರು ಮಾಡ್ಕೊಂಬುಟ್ಲು ಅಂತಾರೆ!”

ಮೊದಲ ದಿನ ನಗು ಬರಲಿಲ್ಲ. ಬಟ್ಟಲು ಹಿಡಿದ ಕೈ ಗಡಗಡ ನಡುಗಿತು. ಕಾಫಿ ಚೆಲ್ಲಿದರೆ ಸೀರೆ ಒಗೆಯಬಹುದು, ಇದು ಚೆಲ್ಲಿದರೆ? ಫಾದರ್ ಬಟ್ಟಲಿನ ತಳಕ್ಕೆ ಕೈ ಕೊಟ್ಟು, “ನಿಧಾನ, ನಂಗೇನು ಬಸ್ ಇಲ್ಲ,” ಎಂದು ಪಿಸುಗುಟ್ಟಿದರು. ಕುಡಿದೆ.

ವರ್ಷ ಕಳೆಯುವಷ್ಟರಲ್ಲಿ ರಕ್ತ ಸುಧಾರಿಸಿತು, ಕಾಲು ಅರ್ಧ ಸುಧಾರಿಸಿತು. ಉಳಿದರ್ಧ ವಾಪಸು ಬರದೆಯೂ ಇರಬಹುದು ಎಂದರು ಡಾಕ್ಟರು, ಆದರೆ ಗಾಲಿಕುರ್ಚಿಯ ಮಾತೆತ್ತಲಿಲ್ಲ. ಈಗಲೂ ಗೆರೆಯ ಮೇಲೆ ನಡೆಸಿದರೆ ನಾನು ಫೇಲು. ಹೋದ ಭಾನುವಾರ ಪೂಜೆ ಮುಗಿದು ಚರ್ಚಿನ ಮೆಟ್ಟಿಲಿಳಿಯುವಾಗ ಹಿಂದಿನಿಂದ ಒಬ್ಬ ಅಜ್ಜಿ ಮುಂಗೈ ಹಿಡಿದರು. ನನಗೆ ಆಸರೆ ಕೊಡಲು ಬಂದರೆಂದು, “ಬುಡೀಮ್ಮ, ನಾನೇ ಇಳೀತೀನಿ,” ಎಂದೆ.

“ನೀ ಇಳಿ ತಾಯಿ, ಯಾರು ಬ್ಯಾಡ ಅಂದ್ರು? ನಂಗೆ ಮಂಡಿನೋವು. ಒಸಿ ಗಟ್ಟಿಯಾಗಿ ನಿಂತ್ಕೊ.”

ನಿಂತುಕೊಂಡೆ. ತಮ್ಮ ಭಾರವನ್ನೆಲ್ಲ ನನ್ನ ತೋಳಿಗೆ ಹಾಕಿ ಅವರು ಒಂದೊಂದೇ ಮೆಟ್ಟಿಲು ಇಳಿದರು.