ನಮ್ಮತ್ತಿಯ ಪರದೇಶದ ಪರವಾನಗಿ

ನಮ್ಮತ್ತಿಯ ಬಲಗೈ ಹೆಬ್ಬೆರಳು ರೊಟ್ಟಿ ಬಡಿದೂ ಬಡಿದೂ ಹಿಂದಕ್ಕೆ ಬಾಗಿತ್ತು. ಸಿಟ್ಟು ಬಂದರೆ ಆ ಬೆರಳನ್ನೇ ನನ್ನ ಮುಂದೆ ಆಡಿಸಿ, "ಸುಮ್ನ ಕುಂದ್ರ ಹುಡುಗಿ" ಎನ್ನುತ್ತಿದ್ದಳು. ಮೂವತ್ತು ದಾಟಿದ್ದರೂ ನಾನು ಹುಡುಗಿಯೇ. ನನ್ನ ಗಂಡ ಪ್ಲೇಗಿನಲ್ಲಿ ಹೋದ ಮೇಲೆ ಯಲಬುರ್ಗಿಯ ಮನೆಯಲ್ಲಿ ನಾವಿಬ್ಬರೇ, ಊಟಕ್ಕೂ ಜಗಳಕ್ಕೂ.

ಆಕೆಯ ಕಿರಿಮಗ, ನನ್ನ ಮೈದುನ, ದಿಲ್ಲಿ ಸರಕಾರದ ರಾಯಭಾರ ಕಚೇರಿಯ ಕೆಲಸದ ಮೇಲೆ ಸಮುದ್ರದಾಚೆ ಹೋಗಿದ್ದ. ಆ ದೇಶದ ಹೆಸರು ಅತ್ತಿಯ ನಾಲಿಗೆಯಲ್ಲಿ ಕೊನೆತನಕ ಹೊರಳಲಿಲ್ಲ. ನಿಜಾಮರ ಆಳಿಕೆ ಮುಗಿದ ಮರುವರ್ಷ ಅವನು ಬರೆದ: ಅವ್ವನನ್ನು ಕರೆಸಿಕೊಳ್ಳುತ್ತೇನೆ, ಆದರೆ ಊರಲ್ಲಿ ಆಕೆಗೆ ಬೇರೆ ದಿಕ್ಕಿಲ್ಲ ಎಂದು ತಹಸೀಲ್ದಾರರು ಬರೆದುಕೊಡಬೇಕು, ದಿಕ್ಕಿದ್ದರೆ ಇಲ್ಲಿಯವರು ಇರಗೊಡುವುದಿಲ್ಲ. ಆಕೆಗೆ ಆಗಲೇ ಎದೆಬೇನೆ ಹತ್ತಿತ್ತು. ಮಗನನ್ನು ನೋಡುವುದಿದ್ದರೆ ಇದೊಂದೇ ದಾರಿ.

ನಾನೇ ಪಾಠ ಹೇಳಿದೆ. ಯಾರೂ ಇಲ್ಲ ಎಂದರೆ ಸಾಕು, ನಾನು ಕುಷ್ಟಗಿಯಲ್ಲಿ ಅಣ್ಣನ ಮನೆಯಲ್ಲಿ ಬಿದ್ದಿರುತ್ತೇನೆ ಎಂದೆ. ಅಣ್ಣನ ಹೆಂಡತಿಯ ಬಾಯಿ ಎಂಥದೆಂದು ಇಬ್ಬರಿಗೂ ಗೊತ್ತಿತ್ತು. ಅತ್ತಿ ರೊಟ್ಟಿ ಬಡಿಯುತ್ತಲೇ ಇದ್ದಳು.

ಕೊಪ್ಪಳದ ಕಚೇರಿಯಲ್ಲಿ ನಾನು ಸೆರಗು ಮುಂದಕ್ಕೆಳೆದು ಕಂಬದ ಹಿಂದೆ ನಿಂತೆ. ಊರಲ್ಲಿ ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ತಹಸೀಲ್ದಾರರು ಕೇಳಿಯೇ ಬಿಟ್ಟರು. ಅತ್ತಿ ನೆಲ ನೋಡಿದಳು. ಇಲ್ಲ ಅನ್ನಲಿ ಎಂದು ನಾನು ಕಂಡ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದೆ. ಅನ್ನದಿರಲಿ ಎಂದೂ ಒಳಗೆ ಜೀವ ಒದ್ದಾಡುತ್ತಿತ್ತು, ಸುಳ್ಳೇಕೆ ಹೇಳಲಿ.

"ಅದಾಳ್ರಿ. ನನ್ನ ಸೊಸಿ," ಎಂದಳು ಅತ್ತಿ.

ತಹಸೀಲ್ದಾರರು ಕರುಣೆಯುಳ್ಳವರು. ಅರ್ಜಿ ತಿರುವಿ ನೋಡಿ, ಹಿರಿಮಗನೇ ತೀರಿಕೊಂಡ ಮೇಲೆ ಸೊಸೆ ಲೆಕ್ಕಕ್ಕಿಲ್ಲ, ಯಾರೂ ಇಲ್ಲವೆಂದೇ ಬರೆಯುತ್ತೇನೆ ಎಂದು ಲೇಖನಿ ಎತ್ತಿದರು.

"ಹಂಗ ಬರೀಬ್ಯಾಡ್ರಿ ಸಾಹೇಬ್ರ. ಮಗ ಸತ್ತಾಗಿಂದ ಆಕಿ ಕೈಯಾಗ ಉಂಡೀನಿ. ಆಕಿ ಇಲ್ಲ ಅಂತ ಹೆಂಗ ಅನ್ಲಿ?"

ಅಲ್ಲಿಗೆ ಪರವಾನಗಿಯ ಮಾತು ಮುಗಿಯಿತು.

ಗಾಡಿಯಲ್ಲಿ ದಾರಿಯುದ್ದಕ್ಕೂ ಬೈದೆ. ಒಂದು ಮಾತಿಗೆ ಹೊಟ್ಟೆಯ ಮಗನನ್ನು ಬಿಟ್ಟುಕೊಟ್ಟಿರಲ್ಲ, ನಿಮಗೆ ಬುದ್ಧಿ ಐತೇನು ಎಂದೆ. ಆಕೆ ತಿರುಗಿ ಬೈಯಲಿಲ್ಲ, ಅದಕ್ಕೇ ನನಗೆ ಭಯವಾಯಿತು. ಊರು ಹತ್ತಿರಾದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಿರಿಮಗನ ಹೆಸರು ಹಿಡಿದು ಅತ್ತಳು.

ಮರು ಬೇಸಿಗೆಯಲ್ಲಿ ಹೋಗಿಬಿಟ್ಟಳು. ಕೊನೆಕೊನೆಗೆ ಬಾಗಿಲ ಕಡೆಯೇ ನೋಡುತ್ತಿದ್ದಳು. ಯಾರ ದಾರಿ ಕಾಯುತ್ತೀರಿ ಎಂದು ನಾನು ಕೇಳಲಿಲ್ಲ. ಮೈದುನ ಬಂದು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಅವನು ಕಟ್ಟೆಯ ಮೇಲೆ ಕುಸಿದು ಕುಳಿತು, ಅವ್ವನಿಗೆ ಪರವಾನಗಿ ಯಾಕ ಸಿಗಲಿಲ್ಲ ವೈನಿ ಎಂದು ಕೇಳಿದ.

"ನಾ ಇದ್ದೆನಲ್ಲಪಾ, ಅದಕ್ಕ," ಎಂದೆ.