ಅಜ್ಜಮ್ಮನ ಹೊಲದಲ್ಲಿ ನವಣೆ ಇತ್ತು

ಸೊಕ್ಕೆ ಊರಿನ ಅಜ್ಜಮ್ಮನ ಹೊಲದ ಫೋಟೊ ತೆಗೆದದ್ದು ನಾನೇ. ಆ ವರ್ಷ ಬಿ.ಎ. ಮುಗಿಸಿ ಬೆಳೆ ಸಮೀಕ್ಷೆಗೆ ಸೇರಿದ್ದೆ. ಒಂದೊಂದು ಹೊಲಕ್ಕೂ ಹೋಗಿ, ಬೆಳೆಯ ಮುಂದೆ ನಿಂತು, ಮೊಬೈಲಿನಲ್ಲಿ ಫೋಟೊ ತೆಗೆದು, ಬೆಳೆಯ ಹೆಸರು ನಮೂದಿಸುವುದು ನನ್ನ ಕೆಲಸ.

ಅಜ್ಜಮ್ಮನಿಗೆ ಎರಡೂವರೆ ಎಕರೆ. ಊರೆಲ್ಲ ಮೆಕ್ಕೆಜೋಳಕ್ಕೆ ತಿರುಗಿದರೂ ಆಕೆ ನವಣೆ ಬಿಟ್ಟವಳಲ್ಲ. ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಒಂದು ಸೇರು ನವಣೆ ಅಕ್ಕಿ ಆಕೆಯ ಮನೆಯಿಂದ ಹೋಗುತ್ತಿತ್ತು. ಸಿರಿಧಾನ್ಯ ಬೆಳೆದವರಿಗೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆಂದು ಕೇಳಿ, ನಾವು ಉಣ್ಣುವುದಕ್ಕೂ ದುಡ್ಡು ಕೊಡುತ್ತಾರಾ ಎಂದು ನಕ್ಕಿದ್ದಳಂತೆ. ಆಮೇಲೆ ಆ ಹಣದಲ್ಲಿ ಎರಡು ಕುರಿ ಕೊಳ್ಳುವುದೆಂದು ನಿಶ್ಚಯಿಸಿದ್ದಳು.

ನಾನು ಹೋದಾಗ ವಾರದ ಸೋನೆ ಆಗಷ್ಟೇ ನಿಂತಿತ್ತು. ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಕಳೆ ಕೀಳಲಾಗದೆ ನವಣೆಯ ತುಂಬ ಕಳೆ. ಅಜ್ಜಮ್ಮ ನನ್ನನ್ನು ಒಳಕ್ಕೆ ಬಿಡಲೇ ಇಲ್ಲ. ಕೈ ಹಿಡಿದು ಬದುವಿನ ಪಕ್ಕದ ತೊಗರಿಯ ಕಡೆ ಕರೆದೊಯ್ದಳು. ಕಳೆ ತೆಗೆಸಿಕೊಂಡು, ಮುಖ ತೊಳೆದ ಮಗುವಿನಂತಿದ್ದದ್ದು ಅಲ್ಲಿನ ಮೂರು ಸಾಲು ಮಾತ್ರ.

“ಇಲ್ಲಿ ನಿಂತ್ಕಂಡು ತೆಗಿ ತಾಯಿ. ಸರ್ಕಾರದೋರು ನೋಡ್ತಾರೆ, ಲಕ್ಷಣವಾಗಿರ್ಲಿ.”

ಹಿಂದಿದ್ದ ಎಳೆಯ ನವಣೆ ನನ್ನ ಕಣ್ಣಿಗೆ ಬರೀ ಹುಲ್ಲು. ತೊಗರಿ ಎಂದು ನಮೂದಿಸಿ, ಆಕೆ ಕೊಟ್ಟ ಮಜ್ಜಿಗೆ ಕುಡಿದು ಬಂದೆ.

ಪಂಚಾಯಿತಿ ಗೋಡೆಗೆ ಪಟ್ಟಿ ಅಂಟಿಸಿದಾಗ ಅಜ್ಜಮ್ಮನ ಎರಡೂವರೆ ಎಕರೆಯೂ ತೊಗರಿಯಾಗಿತ್ತು. ತೊಗರಿಗೆ ಪ್ರೋತ್ಸಾಹಧನ ಇಲ್ಲ. ಆಕ್ಷೇಪಣೆ ಸಲ್ಲಿಸಲು ನಾಲ್ಕೇ ದಿನ ಉಳಿದಿತ್ತು. ಆಕೆಗೆ ಮುಖ ತೋರಿಸಲು ನನಗೆ ನಾಚಿಕೆ. ಆಕೆಯೇ ನಮ್ಮ ಮನೆಗೆ ಬಂದು, ತಪ್ಪು ಇಬ್ಬರದೂ ಅರ್ಧರ್ಧ ಎಂದು ತೀರ್ಪು ಕೊಟ್ಟು, ನನ್ನನ್ನು ಜಗಳೂರಿಗೆ ಹೊರಡಿಸಿದಳು. ದಾರಿಯುದ್ದಕ್ಕೂ ಮಂಡಕ್ಕಿ ತಿನ್ನಿಸಿದಳು. ಅಲ್ಲಿನ ಕೃಷಿ ಕಚೇರಿಯಲ್ಲಿ ಅರ್ಜಿ ನಾನು ಬರೆದೆ, ಆಕೆ ನಿಧಾನವಾಗಿ ಸಹಿ ಮಾಡಿದಳು.

ಮರುದಿನವೇ ಕೃಷಿ ಅಧಿಕಾರಿ ನಾಗೇಂದ್ರಪ್ಪ ಹೊಲಕ್ಕೆ ಬಂದರು. ಅಷ್ಟರಲ್ಲಿ ನವಣೆ ತೆನೆ ತುಂಬಿ ಬಾಗಿತ್ತು. ಗಾಳಿ ಬಂದಾಗ ಇಡೀ ಹೊಲ ಒಂದೇ ಸಲ ಮಗ್ಗುಲು ಬದಲಿಸುತ್ತಿತ್ತು. ಹೊಲದ ನಟ್ಟನಡುವೆ ಫೋಟೊ ತೆಗೆಯಬೇಕು, ರೈತರೂ ಅದರಲ್ಲಿ ಇರಬೇಕು ಎಂದರು. ಕಳೆ ಎಲ್ಲಕ್ಕಿಂತ ಹೆಚ್ಚು ಉಳಿದದ್ದು ಅಲ್ಲೇ.

ಅಜ್ಜಮ್ಮ ಒಮ್ಮೆ ಬದುವಿನ ಕಡೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ನಡೆದಳು.

“ಕಳೆ ಭಾಳ ಐತೆ ಸಾಹೇಬ್ರೆ. ಮಳೆ ಬಿಡ್ಲಿಲ್ಲ. ಅದನ್ನೂ ಬರ್ಕಳ್ರಿ.”

“ಕಳೆಗೆ ದುಡ್ಡು ಕೊಡಾಕೆ ಬರಲ್ಲ ಅಜ್ಜಿ,” ಎಂದರು ನಾಗೇಂದ್ರಪ್ಪ. “ನವಣೆಗೆ ಕೊಡ್ತೀವಿ.”

ಆಕೆ ನಕ್ಕಳು. ಫೋಟೊ ಆಗಲೇ ಬಿತ್ತು. ಅಜ್ಜಿಯ ಕಣ್ಣು ಮುಚ್ಚಿಹೋಗಿದೆ, ಇನ್ನೊಂದು ತೆಗೆಯೋಣ ಎಂದು ಅವರು ಹೇಳುವಷ್ಟರಲ್ಲಿ ಅಜ್ಜಮ್ಮ ಅದಾಗಲೇ ತೆನೆಗಳನ್ನು ಸರಿಸಿಕೊಂಡು ಹೊರಬರುತ್ತಿದ್ದಳು.

“ನವಣೆ ಕಾಣ್ತೈತಲ್ಲ, ಸಾಕು ಬಿಡ್ರಿ.”

ಸಂಕ್ರಾಂತಿಗೆ ಮುಂಚೆ ಹಣ ಆಕೆಯ ಖಾತೆಗೆ ಬಂತು. ಮೆಸೇಜನ್ನು ನನ್ನಿಂದ ಮೂರು ಸಲ ಓದಿಸಿದಳು; ಮೂರನೆಯ ಸಲ ಪಕ್ಕದ ಮನೆಯವರನ್ನೂ ಕರೆದು ಕೂರಿಸಿಕೊಂಡು.